ಅರ್ಧ ಕೇಳುವ ಲ್ಯಾಪ್‌ಟಾಪ್

ಹಾಡುಗಳ ತಾಣ ತಟ್ಟನೆ ತೆರೆಯಿತು. ಹುಡುಕುವ ತಾಣವೂ ತೆರೆಯಿತು. ನಮಗೆ ಬೇಕಾಗಿದ್ದ ತಾಣ ಮಾತ್ರ ತೆರೆಯಲಿಲ್ಲ. ಬಿಳಿ ಪರದೆಯ ನಡುವೆ ಸಣ್ಣದೊಂದು ನೀಲಿ ವೃತ್ತ ತಿರುಗುತ್ತಲೇ ಇತ್ತು.

ಅದು ಬುಧವಾರ. ಮೂಡಲಗಿಯ ನಮ್ಮ ಶ್ರವಣ ಕೇಂದ್ರವೆಂದರೆ ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆಗಳು. ರಸ್ತೆಯ ಸದ್ದು ತಡೆಯಲೆಂದು ಒಳಕೋಣೆಯ ಗೋಡೆಗಳಿಗೆ ಕರಿ ಕಂಬಳಿ ಹೊಡೆದಿದ್ದೇವೆ. ಅಲ್ಲಿ ಚಾಪೆಯ ಮೇಲೆ ನಾಗನೂರಿನ ಕುರಿಗಾರ ದಂಪತಿ ತಮ್ಮ ಮಗಳನ್ನು ನಡುವೆ ಕೂರಿಸಿಕೊಂಡು ಕಾಯುತ್ತಿದ್ದರು. ಮಗುವಿಗೆ ನಾಲ್ಕು ವರ್ಷ. ಹುಟ್ಟಿನಿಂದ ಕಿವಿ ಕೇಳದ ಅವಳಿಗೆ ಹಿಂದಿನ ವರ್ಷ ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಗೆ ತಂತಿ ಹಾಕಿದ್ದರು. ಕಿವಿಯ ಹಿಂದೆ ಕೂರುವ ಯಂತ್ರ ಸದ್ದನ್ನು ಹಿಡಿದು, ವಿದ್ಯುತ್ತಾಗಿಸಿ, ಆ ತಂತಿಗೆ ಕಳಿಸುತ್ತದೆ. ಯಂತ್ರ ಬಿದ್ದುಹೋಗದಂತೆ ತಾಯಿ ಅದನ್ನು ಕೆಂಪು ಉಣ್ಣೆಯ ದಾರದಿಂದ ಮಗುವಿನ ಜಡೆಗೆ ಕಟ್ಟಿದ್ದಳು.

ಯಾವ ಸದ್ದಿಗೆ ಎಷ್ಟು ವಿದ್ಯುತ್ತು ಹೋಗಬೇಕು ಎಂಬುದನ್ನು ಆಗಾಗ ಕಂಪ್ಯೂಟರಿಗೆ ಜೋಡಿಸಿ ತಿದ್ದಬೇಕಾಗುತ್ತದೆ. ಇದನ್ನು ಮ್ಯಾಪಿಂಗ್ ಎನ್ನುತ್ತೇವೆ. ಮಾಡುವವಳು ನಾನಲ್ಲ, ಧಾರವಾಡದ ಕಚೇರಿಯ ಹಿರಿಯ ತಜ್ಞೆ. ನಾನು ಇಲ್ಲಿ ಯಂತ್ರವನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಮಗುವನ್ನು ನೋಡಿಕೊಳ್ಳುತ್ತೇನೆ. ಅವರು ಇದ್ದಲ್ಲಿಂದಲೇ ಒಂದು ತಾಣದ ಮೂಲಕ ನನ್ನ ಲ್ಯಾಪ್‌ಟಾಪನ್ನು ನಡೆಸುತ್ತಾರೆ. ತೆರೆಯದೆ ಕೂತಿದ್ದು ಆ ತಾಣ.

ಕಾಯುವ ಹೊತ್ತಿನಲ್ಲಿ ಆರು ಧ್ವನಿಗಳ ಪರೀಕ್ಷೆ ಮುಗಿಸಿದೆ. ಆ, ಈ, ಊ, ಮ್, ಶ್, ಸ್. ತುಟಿ ಕಾಣದಂತೆ ರಟ್ಟು ಅಡ್ಡ ಹಿಡಿದು ನಾನು ಒಂದೊಂದಾಗಿ ಹೇಳುತ್ತೇನೆ. ಮಗು ಹುಣಸೆಬೀಜವೊಂದನ್ನು ಕೆನ್ನೆಗೆ ಹಿಡಿದು ಕೂತಿರುತ್ತದೆ. ಸದ್ದು ಕೇಳಿದರೆ ಸ್ಟೀಲ್ ಡಬ್ಬಿಗೆ ಹಾಕುತ್ತದೆ. ‘ಆ’ ಎಂದೆ, ಬೀಜ ಠಣ್ಣೆಂದು ಬಿತ್ತು. ‘ಮ್’ ಎಂದಾಗಲೂ ಬಿತ್ತು. ‘ಶ್’ ಎಂದಾಗ ಅವಳ ಕೈ ಕೆನ್ನೆಯಲ್ಲೇ ಉಳಿಯಿತು. ‘ಸ್’ ಎಂದಾಗಲೂ ಹಾಗೆಯೇ. ಎರಡು ತಿಂಗಳ ಹಿಂದೆ ಅವೆರಡೂ ಕೇಳುತ್ತಿದ್ದವು.

“ಅದ ನೋಡ್ರಿ ಅಕ್ಕಾರ,” ತಾಯಿ ಅಂದಳು. “ಕುರಿ ತಿರಗಸಾಕ, ನಾಯಿ ನಿಂದ್ರಸಾಕ, ಇಕಿನ ಕರಿಯಾಕ, ಎಲ್ಲಾಕ ನಂದು ಒಂದ ಕೂಗು.” ಹಲ್ಲುಗಳ ನಡುವಿನಿಂದ ‘ಶ್ಶ್’ ಎಂದು ಚುರುಕಾಗಿ ಕೂಗಿ ತೋರಿಸಿದಳು. ಮಗು ಕಂಬಳಿಯ ಅಂಚು ಎಳೆಯುತ್ತ ಕೂತಿತ್ತು. “ಮೊದಲ ಹೊಳ್ಳಿ ನೋಡತಿದ್ದಳು. ಈಗ ಇಲ್ಲ. ರಸ್ತೇದಾಗ ಕಬ್ಬಿನ ಗಾಡಿ ಹೆಂಗ ಓಡತಾವ, ನೀವ ಕಂಡೀರಿ.”

ತಂದೆ ಹೆಚ್ಚು ಮಾತಿನವನಲ್ಲ. “ಸೋಮಾರ ಹೊಂಡಾವ್ರ ನಾವು. ಕುರಿ ಇನ್ನ ಇಲ್ಲಿ ನಿಂದ್ರಂಗಿಲ್ಲ. ಕೇಳಿದ್ರ ಕರಕೊಂಡ ಹೋಗ್ತೇವಿ. ಇಲ್ಲಂದ್ರ ಇಕಿ ಅತ್ತಿ ಹಂತ್ಯಾಕ ಬಿಟ್ಟ ಹೋಗೋದ.”

“ಮಷೀನ್ ದಿನಾ ಹಾಕ್ತಾರೇನ್ರಿ ಅವರು?”

“ಅತ್ತಿಗೆ ಅದೇನ ತಿಳಿತೈತ್ರಿ?” ತಾಯಿ ಅಂದಳು. “ಟ್ರಂಕಿನ್ಯಾಗ ಇಡೋದ. ತುಟ್ಟೀದ ಐತಿ, ಹಾಳಾಗಬಾರದಲ್ಲ.”

ಅವರು ಹಿಂದಿರುಗುವುದು ಯುಗಾದಿಯ ಆಚೆ. ಅಲ್ಲಿಯವರೆಗೆ ಯಂತ್ರ ಟ್ರಂಕಿನಲ್ಲಿದ್ದರೆ ಮಗು ಕಲಿತ ಕೇಳ್ಮೆಯಲ್ಲಿ ಬಹುಪಾಲು ಹೋಗುತ್ತದೆ. ಇದನ್ನು ನಾನು ಮೆಲ್ಲಗೆ ಹೇಳಿದೆ. ತಾಯಿ ಗಂಡನ ಮುಖ ನೋಡಿದಳು. ಅವನು ಲ್ಯಾಪ್‌ಟಾಪ್ ನೋಡಿದ.

ಹಿರಿಯ ತಜ್ಞೆಗೆ ಫೋನ್ ಮಾಡಿದೆ. ಅವರು ಬೇರೆ ರಾಜ್ಯದ ಶಿಬಿರದಲ್ಲಿದ್ದರು. ಧಾರವಾಡಕ್ಕೆ ಕರೆದೊಯ್ದರೂ ಪ್ರಯೋಜನವಿರಲಿಲ್ಲ. “ಶನಿವಾರ ಹನ್ನೊಂದಕ್ಕ ಇಲ್ಲಿಂದನ ಲೈನಿಗೆ ಬರ್ತೇನವಾ,” ಅಂದರು. “ಅದರ ಮುಂದ ಎರಡ ವಾರ ಆಗಂಗಿಲ್ಲ. ಲ್ಯಾಪ್‌ಟಾಪ ಹೊಸಾದ ಐತಲ್ಲಾ, ಏನ ಧಾಡಿ ಅದಕ್ಕ?”

ಏನು ಧಾಡಿ ಎಂಬುದೇ ನನಗೂ ಗೊತ್ತಾಗಬೇಕಿತ್ತು.

ಮೂಡಲಗಿಯಲ್ಲಿ ಕೆಲಸ ಮಾಡುವವಳು ನಾನೊಬ್ಬಳೇ. ಮೊದಲು ಹುಕ್ಕೇರಿಯಲ್ಲೂ ಒಂದು ಕೇಂದ್ರವಿತ್ತು. ಅಲ್ಲಿಯವಳು ಬೇರೆ ಕೆಲಸ ಹಿಡಿದು ಹೋದ ಮೇಲೆ ಅದನ್ನು ಮುಚ್ಚಿದರು. ಅಲ್ಲಿನ ಹಳೆಯ ಲ್ಯಾಪ್‌ಟಾಪನ್ನು ಪ್ರಿಂಟರಿನ ಜೊತೆಗೆ ನನ್ನ ಮೇಜಿಗೆ ತಂದಾಗಲೇ ಅದು ಅರೆಜೀವವಾಗಿತ್ತು; ಅದರಲ್ಲಿ ಕಡತ ನೋಡುತ್ತಿದ್ದೆನಷ್ಟೇ, ಮ್ಯಾಪಿಂಗಿಗೆ ಮಕ್ಕಳು ಧಾರವಾಡಕ್ಕೇ ಹೋಗುತ್ತಿದ್ದರು. ಆಮೇಲೆ ಧಾರವಾಡದಿಂದ ಹೊಸದು ಬಂತು. ಮ್ಯಾಪಿಂಗ್ ಸಾಫ್ಟ್‌ವೇರನ್ನು ಕಚೇರಿಯಲ್ಲೇ ಹಾಕಿಸಿ, ಕಂಪನಿಯ ಎಂಜಿನಿಯರಿಂದ ಅದರ ಪರವಾನಗಿ ಚಾಲೂ ಮಾಡಿಸಿದ್ದರು. ಹಳೆಯದರಲ್ಲಿದ್ದ ಮಕ್ಕಳ ಕಡತಗಳನ್ನು ಗೋಕಾಕದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಹೊಸದಕ್ಕೆ ಇಳಿಸಿಕೊಂಡೆ. ಇಳಿಸಿ ಮುಗಿದ ವಾರದಲ್ಲೇ ಹಳೆಯದು ಪೂರ್ತಿ ನಿಂತಿತು. ಬುಧವಾರದ್ದು ಹೊಸದರಲ್ಲಿ ಮೊದಲ ಮ್ಯಾಪಿಂಗ್.

ಗುರುವಾರ ಬೆಳಿಗ್ಗೆ ಕೇಂದ್ರದ ಬಾಗಿಲು ಹಾಕಿಕೊಂಡು ಕ್ರಮವಾಗಿ ಶುರುಮಾಡಿದೆ. ವೈಫೈ ಡಬ್ಬಿಯ ಪ್ಲಗ್ ತೆಗೆದು, ಸ್ವಲ್ಪ ಬಿಟ್ಟು ಹಾಕಿದೆ. ಗಡಿಯಾರ, ದಿನಾಂಕ ನೋಡಿದೆ. ದಿನಾಂಕ ತಪ್ಪಿದ್ದರೆ ಸುರಕ್ಷಿತ ತಾಣಗಳು ತೆರೆಯುವುದಿಲ್ಲ. ಅದು ಸರಿಯಿತ್ತು. ಬೇರೆ ಬ್ರೌಸರ್ ಹಾಕಿ ನೋಡಿದೆ. ವೈರಸ್ ತಡೆಯುವ ಸಾಫ್ಟ್‌ವೇರನ್ನು ತುಸು ಹೊತ್ತು ನಿಲ್ಲಿಸಿ ನೋಡಿದೆ. ಪ್ರತಿ ಬದಲಾವಣೆಯ ನಂತರವೂ ಅವೇ ತಾಣಗಳನ್ನು ಅದೇ ಕ್ರಮದಲ್ಲಿ ತೆರೆಯುತ್ತಿದ್ದೆ. ಹುಡುಕುವುದು ಬಂತು, ಹಾಡುಗಳದು ಬಂತು. ಬ್ಯಾಂಕಿನದು ಬರಲಿಲ್ಲ, ನಮ್ಮ ವಿಶ್ವವಿದ್ಯಾಲಯದ್ದು ಬರಲಿಲ್ಲ, ಮ್ಯಾಪಿಂಗಿನದು ಬರಲಿಲ್ಲ. ನಿಧಾನವಾಗಿದ್ದರೆ ಎಲ್ಲವೂ ನಿಧಾನವಾಗಬೇಕು, ಕೆಟ್ಟಿದ್ದರೆ ಎಲ್ಲವೂ ನಿಲ್ಲಬೇಕು. ಬರುವಂಥವು ಮಿಂಚಿನಂತೆ ಬರುತ್ತಿದ್ದವು.

ಮಧ್ಯಾಹ್ನ ನೆಟ್ ಲೈನಿನವನು ಬಂದ. ಹೆಗಲ ಚೀಲದಿಂದ ತನ್ನ ಲ್ಯಾಪ್‌ಟಾಪ್ ತೆಗೆದು ನನ್ನದರ ಪಕ್ಕದಲ್ಲಿಟ್ಟು, ನಾನು ಹೇಳಿದ ತಾಣಗಳನ್ನು ತೆರೆದ. ಎಲ್ಲವೂ ತೆರೆದವು.

“ಲೈನ್ ಸಾಫ್ ಐತ್ರಿ ಅಕ್ಕಾರ.” ನನ್ನ ಪರದೆಯತ್ತ ಬಗ್ಗಿ ನೋಡಿ ನಕ್ಕ. “ಇದಕ್ಕ ಹಾಡ ಬೇಕಂತ, ಕೆಲಸ ಬ್ಯಾಡಂತ. ನಮ್ಮ ತಮ್ಮನಂಗ ಐತಿ.”

“ಹಂಗಾದ್ರ ಲ್ಯಾಪ್‌ಟಾಪ್‌ದ ದೋಷಾನೇ ಅಂತೀರೇನು?”

“ಖರೆ ಹೇಳಬೇಕಂದ್ರ ನನಗ ಡಬ್ಬಿತನಾ ಅಷ್ಟ ಗೊತ್ರಿ. ಡಬ್ಬಿ ದಾಟಿ ಬಂದದ್ದು ನಿಮ್ಮ ಹಣೇಬರಾ.”

ಅವನು ಹೋದ ಮೇಲೆ ಫೋನಿನ ಹಾಟ್‌ಸ್ಪಾಟಿಗೆ ಜೋಡಿಸಿದೆ. ಅಲ್ಲಿಯೂ ಅದೇ. ಫೋನಿನಲ್ಲಿ ತೆರೆಯುವ ತಾಣ ಅದೇ ಫೋನಿನ ನೆಟ್ ಹಿಡಿದ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತಿರಲಿಲ್ಲ. ಹಾಗಾದರೆ ತೊಂದರೆ ಈ ಪೆಟ್ಟಿಗೆಯ ಒಳಗೇ ಇದೆ. ಗುರುವಾರದ ಗಳಿಕೆ ಇಷ್ಟೇ.

ಶುಕ್ರವಾರ ಗೋಕಾಕದ ಅಂಗಡಿಗೆ ಹೋದೆ. ಮಾಲೀಕ ನನ್ನನ್ನು ನೋಡುತ್ತಲೇ ಸ್ಟೂಲು ಒರೆಸಿ ಕೊಟ್ಟ. ವಿಷಯ ಕೇಳಿ ಅವನಿಗೆ ಸ್ವಲ್ಪ ನೋವಾಯಿತು.

“ಅಕ್ಕಾರ, ನೀವ ಏನಂದ್ರಿ? ಹಳೇದ ಹೆಂಗಿತ್ತ ಹಂಗ ಮಾಡಿ ಕೊಡ್ರಿ ಅಂದ್ರಿ. ನೋಡ್ರಿ ಇಲ್ಲಿ, ಒಂದ ಚಿತ್ರಾನರೆ ಆಕಡಿ ಈಕಡಿ ಆಗೇತೇನು? ಹಿಂದಿನ ಗೋಡಿ ಚಿತ್ರ ಸುದ್ದಾ ಅದ ಹಾಕೇನಿ.”

ಅದು ನಿಜ. ಹಳೆಯದರ ಪರದೆಯ ಮೇಲೆ ಹುಕ್ಕೇರಿಯವಳು ಇಟ್ಟಿದ್ದ ನವಿಲಿನ ಚಿತ್ರವೇ ಹೊಸದರಲ್ಲೂ ಇತ್ತು. ನನಗೆ ಅದನ್ನು ಬದಲಿಸಬೇಕೆಂದು ಅನ್ನಿಸಿರಲಿಲ್ಲ.

“ನನ್ನ ಗಿರಾಕಿ ಎಲ್ಲಾ ಬೆಲ್ಲದ ಅಡತಿ ಅಂಗಡಿಯವ್ರು,” ಅವನು ಮುಂದುವರಿಸಿದ. “ಹೊಸಾದ ಕೊಟ್ರ, ‘ನನ್ನ ಕಂಪ್ಯೂಟರ ಎಲ್ಲಿ’ ಅಂತ ಜಗಳಕ್ಕ ಬರ್ತಾರ. ಅದಕ್ಕ ನಾ ಮ್ಯಾಲಿನ ಚಿತ್ರ, ಒಳಗಿನ ಸೆಟ್ಟಿಂಗ, ಎಲ್ಲಾ ಕೂದಲೆಳಿ ಬಿಡದ ಇಳಸ್ತೇನಿ. ಕೊಡೋ ಮುಂದ ಹಾಡ ಹಚ್ಚಿ ತೋರಿಸಿಲ್ಲೇನು ನಿಮಗ?”

ತೋರಿಸಿದ್ದ. ನಾನೂ ಕೇಳಿ, ಹಣ ಕೊಟ್ಟು ಬಂದಿದ್ದೆ.

ಅವನು ಅರ್ಧ ಗಂಟೆ ಅಲ್ಲಿ ಇಲ್ಲಿ ಒತ್ತಿ ನೋಡಿದ. ಕೊನೆಗೆ, “ಇದರಾಗ ತಲಿ ಒಡಕೊಳ್ಳೂದ ಬ್ಯಾಡ್ರಿ, ರೀಸೆಟ್ ಹೊಡದ ಬಿಡೋಣ. ಕಾರಖಾನ್ಯಾಗಿಂದ ಬಂದಂಗ ಆಗತೈತಿ,” ಎಂದು ಆ ಪುಟವನ್ನು ತೆರೆದೇಬಿಟ್ಟ. ‘ಎಲ್ಲವನ್ನೂ ತೆಗೆದುಹಾಕು’ ಎಂಬ ಗುಂಡಿಯ ಮೇಲೆ ಬಾಣ ನಿಂತಿತ್ತು.

ಮಕ್ಕಳ ಕಡತಗಳ ಇನ್ನೊಂದು ಪ್ರತಿ ನನ್ನ ಬಳಿ ಇತ್ತು. ಮ್ಯಾಪಿಂಗ್ ಸಾಫ್ಟ್‌ವೇರಿನ ಪರವಾನಗಿಗೆ ಪ್ರತಿಯೆಂಬುದಿಲ್ಲ. ಅದು ಅಳಿದರೆ ಕಂಪನಿಯ ಎಂಜಿನಿಯರ್ ಮತ್ತೆ ಬರಬೇಕು, ಅದಕ್ಕೆ ಒಂದು ವಾರ ಬೇಕು. ಲ್ಯಾಪ್‌ಟಾಪ್ ಸರಿಯಾಗುತ್ತಿತ್ತು, ಸರಿಯಾದ ಲ್ಯಾಪ್‌ಟಾಪಿನ ಮುಂದೆ ಶನಿವಾರ ನಾವು ಸುಮ್ಮನೆ ಕೂರಬೇಕಾಗುತ್ತಿತ್ತು.

“ಬ್ಯಾಡ್ರಿ,” ಅಂದೆ. ದನಿ ಸ್ವಲ್ಪ ಗಟ್ಟಿಯಾಗಿಯೇ ಬಂದಿರಬೇಕು. ಅವನು ಮೌಸಿನಿಂದ ಕೈ ತೆಗೆದ.

“ಮತ್ತ ಹೆಂಗ ಮಾಡ್ತೀರಿ?”

ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ನಾನಿರುವುದು ಗೋಕಾಕ ಫಾಲ್ಸಿನಲ್ಲಿ, ಗಿರಣಿಯ ಹತ್ತಿರ ಬಾಡಿಗೆಗೆ ಹಿಡಿದ ಒಂದು ಕೋಣೆಯಲ್ಲಿ. ಮಳೆ ನಿಂತು ನೀರಿನ ಸದ್ದು ಇಳಿದಿತ್ತು. ಸಂಜೆ ಪಾಳಿ ಬಿಟ್ಟ ಜನ ಮಾತಾಡುತ್ತ ಕಿಟಕಿಯ ಕೆಳಗೆ ಹಾದುಹೋಗುತ್ತಿದ್ದರು. ಚಹಾ ಮಾಡಿಕೊಂಡು ಕೂತು ಫೋನಿನಲ್ಲಿದ್ದ ಹೆಸರುಗಳನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದೆ. ಜೊತೆಗೆ ಓದಿದವರು ಇದ್ದರು. ಹುಕ್ಕೇರಿಯವಳ ಹೆಸರೂ ಇತ್ತು. ಒಂದು ವರ್ಷದಿಂದ ಮಾತಾಡದವರಿಗೆ ಫೋನ್ ಮಾಡಿ, ‘ಕೆಲವು ತಾಣಗಳು ತೆರೆಯುತ್ತವೆ, ಕೆಲವು ತೆರೆಯುವುದಿಲ್ಲ’ ಎಂದು ಶುರುಮಾಡುವುದು ಹೇಗೆ? ಅಮ್ಮನಿಗೆ ಮಾಡಿದೆ. ಊಟವಾಯಿತೇ ಎಂದು ಕೇಳಿದಳು. ಆಯಿತು ಎಂದೆ. ಆಗಿರಲಿಲ್ಲ.

ಫೋನ್ ಕೆಳಗಿಟ್ಟ ಮೇಲೆ ಮಗುವಿನ ಕೈ ನೆನಪಾಯಿತು, ಬೀಜ ಹಿಡಿದು ಕೆನ್ನೆಯಲ್ಲೇ ಉಳಿದ ಕೈ. ಅವಳನ್ನು ಪರೀಕ್ಷಿಸುವಾಗ ನಾನು ಹೀಗೆ ದಿಕ್ಕೆಟ್ಟು ತಡಕಾಡುವುದಿಲ್ಲ. ಏನು ಕೇಳುವುದಿಲ್ಲ ಎಂಬುದರ ಬೆನ್ನು ಹತ್ತುವುದಿಲ್ಲ. ಏನೇನು ಕೇಳುತ್ತದೆ ಎಂದು ಗುರುತು ಹಾಕುತ್ತ ಹೋಗುತ್ತೇನೆ. ಕೇಳುವ ಸದ್ದುಗಳಿಗೆಲ್ಲ ಸಮಾನವಾದದ್ದು ಏನು ಎಂದು ನೋಡಿದರೆ ದೋಷದ ಜಾಗ ತಾನಾಗಿ ಕಾಣುತ್ತದೆ. ಆ, ಊ, ಮ್ ಕೇಳಿ ಶ್, ಸ್ ಕೇಳದಿದ್ದರೆ ಎತ್ತರದ ಸ್ಥಾಯಿಯ ಸದ್ದುಗಳ ತುದಿಯಲ್ಲಿ ಏನೋ ಆಗಿದೆ. ಎರಡು ದಿನ ನಾನು ತೆರೆಯದ ತಾಣಗಳನ್ನೇ ದಿಟ್ಟಿಸಿದ್ದೆ. ತೆರೆಯುವ ತಾಣಗಳನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಕಂಪ್ಯೂಟರಿನ ಕಪ್ಪು ಕಿಟಕಿಯಲ್ಲಿ ಬರೆಯುವ ಒಂದು ಆಜ್ಞೆಯಿದೆ. ತಾಣದ ಹೆಸರು ಕೊಟ್ಟರೆ ಅದು ಅಲ್ಲಿಗೆ ಸಣ್ಣದೊಂದು ಕೂಗು ಹಾಕಿ ಉತ್ತರಕ್ಕೆ ಕಾಯುತ್ತದೆ. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಅದನ್ನು ಬಳಸಿದ್ದೆ. ಹಾಡುಗಳ ತಾಣಕ್ಕೆ ಕೂಗು ಹಾಕಿದೆ. ತಕ್ಷಣ ಉತ್ತರ ಬಂತು. ಉತ್ತರದ ಜೊತೆಗೆ ಆ ತಾಣದ ವಿಳಾಸವೂ ಬಂತು: ಅಂಕಿ, ಅಕ್ಷರ, ನಡುನಡುವೆ ಎರಡೆರಡು ಚುಕ್ಕೆಗಳಿರುವ ಉದ್ದನೆಯ ಸಾಲು. ಹುಡುಕುವ ತಾಣದ ವಿಳಾಸವೂ ಅಂಥದೇ. ಮ್ಯಾಪಿಂಗ್ ತಾಣಕ್ಕೆ ಕೂಗು ಹಾಕಿದೆ. ಅದರ ವಿಳಾಸ ಮೋಟು, ಬರೀ ನಾಲ್ಕು ಸಂಖ್ಯೆ. ತಲುಪಲಾಗಲಿಲ್ಲ. ಬ್ಯಾಂಕಿನದೂ ಮೋಟು, ತಲುಪಲಾಗಲಿಲ್ಲ. ವಿಶ್ವವಿದ್ಯಾಲಯದ್ದೂ ಮೋಟು.

ಬೆನ್ನು ನೆಟ್ಟಗಾಯಿತು.

ಅಂತರಜಾಲದ ವಿಳಾಸಗಳು ಎರಡು ಬಗೆ, ಹಳೆಯ ಮೋಟು ಮತ್ತು ಹೊಸ ಉದ್ದ. ದೊಡ್ಡ ತಾಣಗಳು ಎರಡನ್ನೂ ಇಟ್ಟುಕೊಂಡಿವೆ. ಅನೇಕ ತಾಣಗಳಲ್ಲಿ ಇನ್ನೂ ಹಳೆಯದು ಮಾತ್ರ ಇದೆ. ನನ್ನ ಲ್ಯಾಪ್‌ಟಾಪಿಗೆ ಹೊಸ ದಾರಿ ತೆರೆದಿತ್ತು, ಹಳೆಯದು ಮುಚ್ಚಿತ್ತು. ಹಾಡು ಹೊಸ ದಾರಿಯಿಂದ ಬರುತ್ತಿತ್ತು. ಹಾಡು ಬರುತ್ತಿರುವಾಗ ದಾರಿ ಮುಚ್ಚಿದೆಯೆಂದು ಯಾರಿಗೆ ಅನುಮಾನ ಬರಬೇಕು?

ವೈಫೈಯ ಒಳಪುಟ ತೆರೆದೆ. ಸಾಮಾನ್ಯವಾಗಿ ಲ್ಯಾಪ್‌ಟಾಪ್ ಯಾವ ಊರಿಗೆ ಹೋದರೂ ಅಲ್ಲಿನ ವೈಫೈ ಡಬ್ಬಿಯನ್ನು ಕೇಳಿ ತನಗೊಂದು ವಿಳಾಸ ಪಡೆಯುತ್ತದೆ. ನನ್ನದು ಕೇಳುತ್ತಲೇ ಇರಲಿಲ್ಲ. ಹಳೆಯ ಬಗೆಯ ವಿಳಾಸವನ್ನು ಯಾರೋ ಕೈಯಿಂದ ಬರೆದು ಖಾಯಂ ಮಾಡಿದ್ದರು. ಆ ಸಂಖ್ಯೆಯನ್ನು ನಾನು ಬಲ್ಲೆ. ಹುಕ್ಕೇರಿಯ ಪ್ರಿಂಟರಿನ ಮೇಲೆ ಅದಕ್ಕಿಂತ ಒಂದೇ ಅಂಕಿ ಹೆಚ್ಚಿನ ಸಂಖ್ಯೆಯ ಚೀಟಿ ಅಂಟಿಸಿತ್ತು. ಪ್ರಿಂಟರಿಗಾಗಿ ಹುಕ್ಕೇರಿಯವಳು ಹಳೆಯ ಲ್ಯಾಪ್‌ಟಾಪಿಗೆ ಕೊಡಿಸಿದ್ದ ಖಾಯಂ ವಿಳಾಸವನ್ನು ಅಂಗಡಿಯವನು ನವಿಲಿನ ಜೊತೆಗೆ, ಕೂದಲೆಳೆ ಬಿಡದೆ, ಹೊಸದಕ್ಕೆ ಇಳಿಸಿದ್ದ. ಹುಕ್ಕೇರಿಯ ಕೋಣೆಗೆ ಬೀಗ ಬಿದ್ದಿದೆ, ಅಲ್ಲಿನ ಲೈನು ಕತ್ತರಿಸಿದೆ. ಈ ಯಂತ್ರ ಮಾತ್ರ ಮೂಡಲಗಿಯಲ್ಲಿ, ಗೋಕಾಕದಲ್ಲಿ, ನನ್ನ ಫೋನಿನ ಮುಂದೆ, ತಾನಿನ್ನೂ ಹುಕ್ಕೇರಿಯಲ್ಲೇ ಇದ್ದೇನೆಂದು ಹೇಳುತ್ತಿತ್ತು.

‘ತಾನಾಗಿ ಪಡೆ’ ಎಂಬುದನ್ನು ಆರಿಸಿ ಸರಿ ಒತ್ತಿದೆ.

ಮ್ಯಾಪಿಂಗ್ ತಾಣ ತೆರೆಯಿತು. ಬ್ಯಾಂಕು ತೆರೆಯಿತು. ವಿಶ್ವವಿದ್ಯಾಲಯದ ಮುಖಪುಟದಲ್ಲಿ ನಾನು ದಿನಾ ಹತ್ತುತ್ತಿದ್ದ ಮೆಟ್ಟಿಲುಗಳ ಚಿತ್ರ ಬಂತು. ಅಗತ್ಯವಿಲ್ಲದಿದ್ದರೂ ತುಸು ಹೊತ್ತು ಅದನ್ನು ನೋಡಿದೆ. ಯಾರಿಗಾದರೂ ಹೇಳಬೇಕೆನ್ನಿಸಿತು. ಕಿಟಕಿಯ ಕೆಳಗೆ ದಾರಿ ಖಾಲಿಯಾಗಿತ್ತು. ಹಿರಿಯ ತಜ್ಞೆಗೆ ಸಂದೇಶ ಬರೆದೆ: ‘ಸರಿಯಾಯಿತು ಮೇಡಂ. ಹಳೆಯ ವಿಳಾಸ ಉಳಿದಿತ್ತು.’ ಅವರಿಂದ ಹೆಬ್ಬೆರಳಿನ ಚಿತ್ರ ಬಂತು. ಎದ್ದು ಅನ್ನಕ್ಕಿಟ್ಟೆ.

ಶನಿವಾರ ಹನ್ನೊಂದಕ್ಕೆ ಪರದೆಯ ಮೇಲಿನ ಬಾಣ ತಾನಾಗಿ ಅಲುಗಾಡಿತು.

“ಯಾರ್ರಿ ಅದನ್ನ ಆಡಸಾಕತ್ತವ್ರು?” ತಾಯಿ ಹಿಂದೆ ಸರಿದಳು.

“ಮೇಡಂ. ಅಲ್ಲಿಂದ.”

“ಅವ್ವ ನನ್ನವ್ವ! ಕೈ ಇಲ್ಲದ ಕೆಲಸಾ!”

ಮಗು ಬಾಣವನ್ನು ಹಿಡಿಯಲು ಪರದೆಗೆ ಕೈ ಹಾಕಿತು. ಹಿರಿಯ ತಜ್ಞೆ ಎತ್ತರದ ಸದ್ದುಗಳ ವಿದ್ಯುತ್ತನ್ನು ಒಂದೊಂದೇ ಮೆಟ್ಟಿಲು ಏರಿಸುತ್ತ ಹೋದರು. ಕಣ್ಣು ಕಿರಿದಾದರೆ, ಹುಬ್ಬು ಗಂಟಿಕ್ಕಿದರೆ ನಾನು ಹೇಳಬೇಕು. ಅಲ್ಲಿಂದ ಅವರು ಒಂದು ಮೆಟ್ಟಿಲು ಇಳಿಸುತ್ತಾರೆ. ಒಮ್ಮೆ ಮಗು ಬೆಚ್ಚಿ, ಅತ್ತು, ಯಂತ್ರ ಕಿತ್ತುಹಾಕಿತು. ತಂದೆ ಹೆಗಲ ಮೇಲಿನ ಕಂಬಳಿಯ ಮೂಲೆಯಿಂದ ಅದರ ಮೂಗು ಒರೆಸಿ, ಯಂತ್ರವನ್ನು ತಾನೇ ಮತ್ತೆ ಕಿವಿಗೆ ಇಟ್ಟ. ಅದನ್ನು ಅವನು ಮುಟ್ಟಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮುಗಿದ ಮೇಲೆ ರಟ್ಟು ಹಿಡಿದು ‘ಶ್’ ಎಂದೆ. ಮಗು ಸ್ವಲ್ಪ ಯೋಚಿಸಿತು. ಬೀಜ ಡಬ್ಬಿಗೆ ಬಿತ್ತು. ‘ಸ್’ ಎಂದೆ. ಬಿತ್ತು.

ತಂದೆಗೆ ಅಷ್ಟು ಸಾಲಲಿಲ್ಲ. “ಹೊರಗ ನೋಡೂನ್ರಿ,” ಅಂದ. ಕೆಳಗಿಳಿದೆವು. ಗೊಬ್ಬರದ ಚೀಲ ಇಳಿಸುತ್ತಿದ್ದ ಲಾರಿಯ ಸದ್ದಿನ ನಡುವೆ ಮಗು ನನ್ನ ಬೆರಳು ಹಿಡಿದು, ಆಚೆ ಮುಖ ಮಾಡಿ ನಿಂತಿತು. ತಾಯಿ ಅಂಗಡಿಯ ಮೂಲೆಯವರೆಗೆ ನಡೆದು ಅಲ್ಲಿಂದ ಕೂಗಿದಳು. ‘ಶ್ಶ್!’

ಮಗು ಹೊರಳಿತು.

ತಂದೆ ತಲೆಯ ಪಟಕ ಬಿಚ್ಚಿ ಮತ್ತೆ ಸುತ್ತಿಕೊಂಡ. ಹೆಂಡತಿ ಹತ್ತಿರ ಬಂದ ಮೇಲೆ ಅಂದ: “ಟ್ರಂಕಿನ್ಯಾಗಿಂದ ಇಕಿ ಅಂಗಿ ತಗೀ. ಥಂಡೀವು.”

“ನಿನ್ನೀನ ತಗದೇನಿ,” ಅವಳು ನಕ್ಕಳು. “ನಿನ್ನ ಕೇಳಿ ಕುಂತಿದ್ದನೇನ ನಾ?”

ದಾರಿಯಲ್ಲಿ ದಿನಾ ಆಡಿಸಲೆಂದು ಹುಣಸೆಬೀಜದ ಪೊಟ್ಟಣ ಕಟ್ಟಿಕೊಟ್ಟೆ. ಆರು ಧ್ವನಿಗಳನ್ನು ತಾಯಿ ನನ್ನೆದುರು ಒಪ್ಪಿಸಿದಳು. “ಆತ್ರಿ ಅಕ್ಕಾರ, ಯುಗಾದಿ ಮುಗಿಸಿ ಬರ್ತೇವಿ. ನೀವ ಇಲ್ಲೇ ಇರ್ತೀರಲ್ಲ?”

ಇರುತ್ತೇನೆ ಎಂದೆ. ಅವರು ಹೋದ ಮೇಲೆ ಒಳಕೋಣೆಯ ಚಾಪೆ ಸುತ್ತಿ, ಲ್ಯಾಪ್‌ಟಾಪಿನ ನವಿಲನ್ನು ತೆಗೆದೆ. ಬದಲಿಗೆ ಹಾಕಲು ಯಾವ ಚಿತ್ರವೂ ಹೊಳೆಯಲಿಲ್ಲ. ಖಾಲಿ ನೀಲಿ ಇಟ್ಟೆ.

ಸೋಮವಾರ ಕೇಂದ್ರಕ್ಕೆ ಹೋಗುವಾಗ ಮೂಡಲಗಿಗೆ ಸ್ವಲ್ಪ ಮೊದಲು ಬಸ್ಸು ನಿಂತಿತು. ರಸ್ತೆಯ ತುಂಬ ಕುರಿ. ಮುಂದಿನ ಸೀಟಿನವನೊಬ್ಬ “ಡ್ರೈವರ್ರ, ಹಾರ್ನ ಹೊಡೀರಿ, ಇಲ್ಲಂದ್ರ ಇಲ್ಲೇ ಊಟಾ ಮಾಡಬೇಕಾಗತೈತಿ” ಎಂದ. ಡ್ರೈವರ್ ಹೊಡೆದ. ಕುರಿಗಳು ಅದಕ್ಕೇನೂ ಅವಸರಪಡಲಿಲ್ಲ.

ಹಿಂಡಿನ ನಡುವೆ ಒಂದು ಕುದುರೆಯ ಮೇಲೆ ಹಾಸಿಗೆ, ಪಾತ್ರೆಗಳ ಹೇರು. ಹೇರಿನ ಮೇಲೆ ಆ ಮಗು ಕೂತಿತ್ತು. ಜಡೆಯಲ್ಲಿ ಕೆಂಪು ದಾರ, ಕಿವಿಯ ಹಿಂದೆ ಯಂತ್ರ. ನಾನು ಕರೆಯಲಿಲ್ಲ. ಬಸ್ಸಿನ ಕಿಟಕಿಯಿಂದ ಹಾಗೆ ಕೂಗುವವಳು ನಾನಲ್ಲ. ಅದರ ಕಣ್ಣು ಈ ಕಡೆ ಇರಲೂ ಇಲ್ಲ.

ಅದು ಒಂದು ಕೈಯನ್ನು ಕೆನ್ನೆಗೆ ಹಿಡಿದಿತ್ತು. ಹಾರ್ನ್ ಮತ್ತೊಮ್ಮೆ ಆಯಿತು. ಮಗು ಕೈ ಚಾಚಿ ಒಂದು ಹುಣಸೆಬೀಜವನ್ನು ಕೆಳಗೆ ಬಿಟ್ಟಿತು. ಡಬ್ಬಿ ಇರಲಿಲ್ಲ, ಬೀಜ ಕುರಿಗಳ ಕಾಲಲ್ಲಿ ಬಿತ್ತು. ನಾಯಿ ಬೊಗಳಿತು, ಇನ್ನೊಂದು ಬೀಜ. ಕುದುರೆಯ ಕೊರಳ ಗಂಟೆಗೆ ಒಂದು. ಹಿಂದಿನಿಂದ ತಾಯಿ ‘ಶ್ಶ್’ ಎಂದಳು, ಅದಕ್ಕೂ ಒಂದು. ಬಸ್ಸು ಮೆಲ್ಲಗೆ ಸರಿದು ಹಿಂಡನ್ನು ದಾಟುವವರೆಗೂ ಅದು ಹಾಕುತ್ತಲೇ ಇತ್ತು. ನಾನು ಕಟ್ಟಿಕೊಟ್ಟ ಪೊಟ್ಟಣ ಮುಂದಿನ ಊರಿನವರೆಗೂ ಬರುವುದಿಲ್ಲ ಎಂದುಕೊಂಡೆ.